ಸೋಂಕಿದ್ದರೂ ಇಂಪ್ಲಾಂಟ್‌ಗೆ ಮೂಳೆ ಕಚ್ಚಿಕೊಳ್ಳುತ್ತದೆಯೇ?

ಸೊಂಟದ ಕೀಲಿಗೆ ಹಾಕಿದ, ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜದಂಥ ವಸ್ತು) ಲೇಪನವಿರುವ ಟೈಟಾನಿಯಂ ಕಾಂಡಕ್ಕೆ (ತೊಡೆಮೂಳೆಯೊಳಗೆ ಕೂರುವ ಲೋಹದ ಭಾಗ) ಸೋಂಕು ತಗುಲಿದರೆ ಮೂಳೆ ಬೆಸೆದುಕೊಳ್ಳುವುದು ನಿಂತೇಹೋಗುತ್ತದೆಯೇ ಎಂದು ಕೇಳಿದ್ದೀರಿ. ನಿಲ್ಲಲೇಬೇಕೆಂದಿಲ್ಲ. ಒಂದೇ ಕಾಂಡದ ಕೆಳಭಾಗವನ್ನು ಮೂಳೆ ಬಿಗಿಯಾಗಿ ಹಿಡಿದಿರಬಹುದು, ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾ ಠಿಕಾಣಿ ಹೂಡಿರಬಹುದು. ಹಾಗಾಗಿ "ಗಟ್ಟಿಯಾಗಿ ಕೂತಿದೆ, ಸೋಂಕಿರಲಾರದು" ಎನ್ನುವ ತರ್ಕವನ್ನು ನಾನು ಒಪ್ಪುವುದಿಲ್ಲ.

ಬರೀ ನಯವಾದ ಟೈಟಾನಿಯಂ ಇದ್ದರೆ ಹೊಸ ಮೂಳೆ ಹೆಚ್ಚಾಗಿ ಹಳೆಯ ಮೂಳೆಯ ಕಡೆಯಿಂದ ಲೋಹದತ್ತ ಬೆಳೆಯುತ್ತದೆ. ಲೇಪನವಿದ್ದರೆ ಲೋಹದ ಕಡೆಯಿಂದಲೂ ಬೆಳವಣಿಗೆ ಶುರುವಾಗುತ್ತದೆ. ಲೇಪನ ತುಸು ಕರಗಿ ಕ್ಯಾಲ್ಸಿಯಂ, ಫಾಸ್ಫೇಟ್ ಬಿಡುತ್ತದೆ; ಅವು ಮತ್ತೆ ಅದರ ಮೇಲೇ ಮೂಳೆಯ ಖನಿಜದಂಥ ತೆಳುಪದರವಾಗಿ ಕೂರುತ್ತವೆ; ಮೂಳೆ ಕಟ್ಟುವ ಜೀವಕೋಶಗಳು ಅದನ್ನು ಹಿಡಿದುಕೊಳ್ಳುತ್ತವೆ. ಮೊದಲ ವಾರಗಳಲ್ಲಿ ಒರಟು ಮೂಳೆ ಬರುತ್ತದೆ, ತಿಂಗಳುಗಳಲ್ಲಿ ಅದು ಪಕ್ವವಾಗುತ್ತದೆ. ಇದಕ್ಕೆ ಇಂಪ್ಲಾಂಟ್ ಅಲುಗಬಾರದು. ಅಲುಗಾಟ ಸುಮಾರು 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಒಳಗಿದ್ದರೆ ಚಿಂತೆಯಿಲ್ಲ. 150 ದಾಟಿದರೆ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆಯುತ್ತದೆ. ಅದು ಬೆಸುಗೆಯಲ್ಲ.

ಬ್ಯಾಕ್ಟೀರಿಯಾಕ್ಕೂ ಬೇಕಾದದ್ದು ಇದೇ ಮೇಲ್ಮೈ. ಮೊದಲು ಬಂದವರಿಗೆ ಜಾಗ. ಲೋಹದ ಮೇಲೆ ಕೂತ ಕೆಲವೇ ಗಂಟೆಗಳಲ್ಲಿ ಅವು ಅಂಟಿಕೊಂಡು, ಲೋಳೆಯಂಥ ಬಯೋಫಿಲ್ಮ್ ಕಟ್ಟತೊಡಗುತ್ತವೆ. ಪರಕೀಯ ವಸ್ತು ಎಷ್ಟು ಅನುಕೂಲ ಮಾಡಿಕೊಡುತ್ತದೆ ಎಂಬುದಕ್ಕೆ 1957ರ ಒಂದು ಪ್ರಯೋಗ ನೋಡಿ: ಮನುಷ್ಯರ ಚರ್ಮದಲ್ಲಿ ಕೀವು ತರಿಸಲು ಲಕ್ಷಗಟ್ಟಲೆ ಸ್ಟಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೇಕಿದ್ದವು, ಒಂದು ಹೊಲಿಗೆ ದಾರ ಇದ್ದಾಗ ನೂರಾರು ಸಾಕಾದವು. ಉರಿಯೂತ ಹೆಚ್ಚಿದಲ್ಲಿ ಮೂಳೆ ಕರಗಿಸುವ ಜೀವಕೋಶಗಳು ಚುರುಕಾಗುತ್ತವೆ, ಆಮ್ಲೀಯ ವಾತಾವರಣದಲ್ಲಿ ಲೇಪನವೂ ಬೇಗ ಸವೆಯುತ್ತದೆ. ಹೀಗೆ ಅಂಚು ಸಡಿಲವಾದರೆ ಅಲುಗಾಟ ಶುರು, ಅಲುಗಾಟದಿಂದ ಮತ್ತಷ್ಟು ಸಡಿಲ.

ಹಾಗಾದರೆ ಲೇಪನಕ್ಕೇ ಔಷಧ ಸೇರಿಸಬಾರದೇಕೆ? ಸೇರಿಸುತ್ತಾರೆ. ಬೆಳ್ಳಿ, ಅಯೋಡಿನ್, ಜೆಂಟಾಮೈಸಿನ್ ಮೂರೂ ಬಳಕೆಯಲ್ಲಿವೆ. ಆದರೆ ಬೆಳ್ಳಿಯ ಪ್ರಮಾಣ ಹೆಚ್ಚಾದರೆ ಮೂಳೆಯ ಜೀವಕೋಶಗಳೂ ಸಾಯುತ್ತವೆ; ಅದಕ್ಕೇ ಗೆಡ್ಡೆ ತೆಗೆದ ಮೇಲೆ ಹಾಕುವ ದೊಡ್ಡ ಪ್ರಾಸ್ಥೆಸಿಸ್‌ಗಳಲ್ಲಿ (ಕೃತಕ ಮೂಳೆ-ಕೀಲುಗಳಲ್ಲಿ) ಮೂಳೆಯೊಳಗೆ ಹೋಗುವ ಕಾಂಡವನ್ನು ಸಾಮಾನ್ಯವಾಗಿ ಬೆಳ್ಳಿಯಿಲ್ಲದೆ ಬಿಡುತ್ತಾರೆ. ಜೆಂಟಾಮೈಸಿನ್ ಲೇಪನದ ಮದ್ದು ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಹೊರಬೀಳುತ್ತದೆ. ಆಪರೇಷನ್ ವೇಳೆ ಒಳಹೊಕ್ಕ ಬ್ಯಾಕ್ಟೀರಿಯಾಕ್ಕೆ ಅದು ಸಾಕು, ವರ್ಷಗಳ ನಂತರ ರಕ್ತದ ಮೂಲಕ ಬರುವ ಸೋಂಕಿಗೆ ಅಲ್ಲ.

ಆಪರೇಷನ್ ಆಗಿ ಸುಮಾರು ನಾಲ್ಕು ವಾರದೊಳಗೆ ಸೋಂಕು ಗೊತ್ತಾದರೆ ಇಂಪ್ಲಾಂಟ್ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಅರ್ಥವಿದೆ. ಸತ್ತ ಅಂಗಾಂಶ ಕೆತ್ತಿ ತೆಗೆದು, ಲೀಟರ್‌ಗಟ್ಟಲೆ ಸಲೈನ್‌ನಿಂದ ತೊಳೆದು, ಕಳಚಬಹುದಾದ ಭಾಗಗಳನ್ನು, ಅಂದರೆ ಕಾಂಡದ ಮೇಲ್ತುದಿಯ ಗೋಲ ಮತ್ತು ಲೈನರ್ (ಗೋಲ ಕೂರುವ ಬಟ್ಟಲಿನ ಒಳಪದರ) ಬದಲಿಸಬೇಕು. ಲೈನರ್ ಬದಲಿಸದಿದ್ದರೆ ಅದರ ಬೆನ್ನಿನ ಬಯೋಫಿಲ್ಮ್ ಹಾಗೇ ಉಳಿಯುತ್ತದೆ. ಬೇರೆ ಬೇರೆ ಜಾಗದ ಐದಾರು ಅಂಗಾಂಶ ಮಾದರಿಗಳನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಿ, 14 ದಿನದವರೆಗೂ ಕಾಯಬೇಕು. ನಿಧಾನಕ್ಕೆ ಬೆಳೆಯುವ ಬ್ಯಾಕ್ಟೀರಿಯಾ ಮೊದಲ ವಾರದಲ್ಲಿ ಕಾಣದೇ ಹೋಗಬಹುದು. ಸ್ಟಾಫಿಲೊಕಾಕಸ್‌ಗೆ ರಿಫಾಂಪಿಸಿನ್ ಒಳ್ಳೆಯ ಮದ್ದು, ಆದರೆ ಒಂಟಿಯಾಗಿ ಕೊಟ್ಟರೆ ಪ್ರತಿರೋಧ ಬೇಗ ಹುಟ್ಟುತ್ತದೆ. ಜೊತೆಗೆ ಇನ್ನೊಂದು ಆಂಟಿಬಯೋಟಿಕ್ ಇರಲೇಬೇಕು, ಗಾಯ ಒಣಗಿದ ಮೇಲೆ ಶುರು ಮಾಡಬೇಕು.

ತಡವಾಗಿ ಗೊತ್ತಾದರೆ ಸಾಮಾನ್ಯವಾಗಿ ಇಂಪ್ಲಾಂಟ್ ಹೊರಗೆ ಬರಬೇಕು. ಲೇಪನದ ಗುಣವೇ ಆಗ ತೊಡಕು: ಮೂಳೆ ಕಚ್ಚಿಕೊಂಡ ಕಾಂಡ ಎಳೆದರೆ ಬರುವುದಿಲ್ಲ. ತೊಡೆಮೂಳೆಯ ಪಕ್ಕವನ್ನು 12ರಿಂದ 15 ಸೆಂಟಿಮೀಟರ್ ಉದ್ದಕ್ಕೆ ಕಿಟಕಿಯಂತೆ ತೆರೆದು, ತೆಳು ಉಳಿಗಳಿಂದ ಲೋಹ ಮತ್ತು ಮೂಳೆಯ ನಡುವೆ ಬಿಡಿಸುತ್ತಾ ಹೋಗಿ, ಕೊನೆಗೆ ಕಿಟಕಿಯನ್ನು ತಂತಿ ಸುತ್ತಿ ಮುಚ್ಚುತ್ತಾರೆ.