ದೊಡ್ಡ ತಪ್ಪು ಮಾಡಿದವರನ್ನೂ ದೇವರು ಕ್ಷಮಿಸ್ತಾನೆ ಅಂತ ಕ್ರೈಸ್ತರು ಯಾವ ಧೈರ್ಯದ ಮೇಲೆ ನಂಬ್ತಾರೆ?

ಶಿಲುಬೆ ಮೇಲೆ ಯೇಸು ನಮ್ಮ ಪಾಪದ ಸಾಲ ತೀರಿಸಿಬಿಟ್ಟ ಅನ್ನೋ ನಂಬಿಕೆ ಮೇಲೆ. ಯೇಸುವಿನ ಆಪ್ತ ಶಿಷ್ಯ ಪೇತ್ರನ ಕೇಸ್ ನೋಡಿ, ಯೇಸು ಅರೆಸ್ಟ್ ಆದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸ್ಕೊಳ್ತಾ ನಿಂತು "ಅವನ್ಯಾರೋ ನಂಗೊತ್ತಿಲ್ಲ" ಅಂತ ಮೂರು ಸಲ ಹೇಳ್ದ, ಕೋಳಿ ಕೂಗಿದ್ಮೇಲೆ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಬೈಬಲ್‌ನ ಯೋಹಾನನ ಸುವಾರ್ತೆ 21ನೇ ಅಧ್ಯಾಯದಲ್ಲಿ ಸತ್ತು ಎದ್ದುಬಂದ ಯೇಸು ಗಲಿಲಾಯದ ಸರೋವರದ ದಡದಲ್ಲಿ ಕೆಂಡದ ಮೇಲಿನ ಮೀನು, ರೊಟ್ಟಿ ಕೊಟ್ಟು, ತಿಂಡಿ ಆದ್ಮೇಲೆ "ನನ್ನ ಪ್ರೀತಿಸ್ತೀಯಾ" ಅಂತ ಮೂರು ಸಲ ಕೇಳ್ತಾನೆ, ಬೈಗುಳ ಒಂದೂ ಇಲ್ಲ, ಉಲ್ಟಾ ತನ್ನ ಕುರಿ ಮೇಯಿಸೋ, ಅಂದ್ರೆ ತನ್ನನ್ನ ನಂಬಿದವರನ್ನ ನೋಡ್ಕೊಳ್ಳೋ ಜವಾಬ್ದಾರಿನೇ ಕೊಡ್ತಾನೆ. ಶಿಕ್ಷೆ ಮಾಫಿ ಆಗೋದಕ್ಕಿಂತ ಈ ಸಂಬಂಧ ಸರಿಹೋಗಿದ್ದೇ ದೊಡ್ಡದು ಅನ್ಸುತ್ತೆ ನಂಗೆ. ಆದ್ರೆ ಪಶ್ಚಾತ್ತಾಪ ಬೇಕೇ ಬೇಕು, ಕ್ಯಾಥೊಲಿಕರು ಪಾದ್ರಿ ಹತ್ರ ಪಾಪನಿವೇದನೆ ಮಾಡ್ತಾರೆ, ಪ್ರೊಟೆಸ್ಟೆಂಟರು ಹೆಚ್ಚಾಗಿ ನೇರ ದೇವರಿಗೇ ಹೇಳ್ಕೊಳ್ತಾರೆ.