ನ್ಯೂಟ್ರಾನ್ ನಕ್ಷತ್ರ ಯಾಕೆ ಕುಸಿಯುವುದಿಲ್ಲ?

ಸರ್, ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ದಟ್ಟ ತಿರುಳೇ ನ್ಯೂಟ್ರಾನ್ ನಕ್ಷತ್ರ. ಉರಿಯಲು ಏನೂ ಉಳಿದಿಲ್ಲದ ಅದು ತನ್ನ ಭಾರಕ್ಕೆ ತಾನೇ ಯಾಕೆ ಕುಸಿಯುವುದಿಲ್ಲ ಅಂತ ಕೇಳಿದ್ದೀರಿ. ಇದಕ್ಕೆ ಉತ್ತರ ಕೊಟ್ಟವರೆಲ್ಲ ‘ಡಿಜನರಸಿ ಒತ್ತಡ’ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಅದು ಅರ್ಧ ಉತ್ತರ.

ಒಂದೇ ಸ್ಥಿತಿಯಲ್ಲಿ ಎರಡು ನ್ಯೂಟ್ರಾನ್ ಇರುವಂತಿಲ್ಲ. ಚಿಂತಾಮಣಿ ಬಸ್ಸಿನಲ್ಲಿ ಮುಂದಿನ ಸೀಟು ತುಂಬಿದರೆ ಆಮೇಲೆ ಹತ್ತಿದವರು ಹಿಂದಕ್ಕೆ ಹೋಗಲೇಬೇಕು, ಅಲ್ವಾ? ಹಾಗೆಯೇ ಕೆಳಗಿನ ಸ್ಥಿತಿಗಳು ತುಂಬಿದ ಮೇಲೆ ಮಿಕ್ಕ ನ್ಯೂಟ್ರಾನ್‌ಗಳು ಜಾಸ್ತಿ ವೇಗದ ಸ್ಥಿತಿಗೆ ಹೋಗುತ್ತವೆ. ಆ ವೇಗದಿಂದಲೇ ಈ ಡಿಜನರಸಿ ಒತ್ತಡ. ಇದನ್ನಷ್ಟೇ ಇಟ್ಟುಕೊಂಡು 1939ರಲ್ಲಿ ಭೌತವಿಜ್ಞಾನಿಗಳಾದ ಓಪನ್‌ಹೈಮರ್ ಮತ್ತು ವೋಲ್ಕಾಫ್ ಲೆಕ್ಕ ಹಾಕಿದರು. ಸೂರ್ಯನ 0.7 ಪಟ್ಟಿಗಿಂತ ಹೆಚ್ಚು ತೂಕ ನಿಲ್ಲುವುದಿಲ್ಲ ಅಂತ ಬಂತು.

ಆದರೆ ಆಕಾಶದಲ್ಲಿ ಸಿಕ್ಕವು ಹೆಚ್ಚಾಗಿ 1.4ರ ಆಸುಪಾಸು. 2010ರಲ್ಲಂತೂ ಒಂದು ಪಲ್ಸಾರ್ (ಗಿರಗಿರನೆ ಸುತ್ತುತ್ತ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಹೆಚ್ಚುಕಡಿಮೆ 2 ಪಟ್ಟು ತೂಗಿತು. ಹಾಗಾದರೆ ಉಳಿದ ಭಾರ ಹೊರುವವರು ಯಾರು? ಪರಮಾಣುವಿನ ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಅದೇ ಪ್ರಬಲ ಬಲ. ಸ್ವಲ್ಪ ದೂರದಲ್ಲಿ ಅದು ಎಳೆಯುತ್ತದೆ, ತೀರಾ ಮೈಮೇಲೆ ಬಿದ್ದರೆ ಜೋರಾಗಿ ತಳ್ಳುತ್ತದೆ.

ಇನ್ನು ಒಳಗೆಲ್ಲ ಬರೀ ನ್ಯೂಟ್ರಾನ್ ಅನ್ನುವುದೂ ಸರಿಯಲ್ಲ. ಹೊರಗಿನ ಚಿಪ್ಪಿನಲ್ಲಿ ಕಬ್ಬಿಣದಂಥ ನ್ಯೂಕ್ಲಿಯಸ್‌ಗಳಿವೆ. ಕೆಳಗಿಳಿದಂತೆ ಅವು ಕರಗಿ ನ್ಯೂಟ್ರಾನ್ ದ್ರವ. ಅದರಲ್ಲೂ ಒಂದಿಷ್ಟು ಪ್ರೋಟಾನ್, ಎಲೆಕ್ಟ್ರಾನ್. ನಟ್ಟನಡುವೆ ಸಾಂದ್ರತೆ ನ್ಯೂಕ್ಲಿಯಸ್ಸಿನ ಹಲವು ಪಟ್ಟು. ಅಲ್ಲಿ ಹೈಪರಾನ್ (ನ್ಯೂಟ್ರಾನಿಗಿಂತ ಭಾರದ ಕಣ) ಹುಟ್ಟಬಹುದು, ನ್ಯೂಟ್ರಾನಿನೊಳಗಿನ ಕಣಗಳಾದ ಕ್ವಾರ್ಕ್‌ಗಳೇ ಬಿಡಿಬಿಡಿಯಾಗಬಹುದು. ತೊಡಕು ಇರುವುದು ಇಲ್ಲೇ. ಹೈಪರಾನ್ ಬಂದರೆ ವಸ್ತು ಮೆತ್ತಗಾಗುತ್ತದೆ, 2 ಪಟ್ಟು ತೂಕ ಹೊರುವುದು ಕಷ್ಟ. ಆ ಒಂದು ತೂಕದಿಂದಲೇ ಎಷ್ಟೋ ಸಿದ್ಧಾಂತಗಳು ಮೂಲೆ ಸೇರಿದವು. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾಗುವುದು ಇದೇ: ಒಳಗೆ ಇಣುಕದೆ, ತೂಕ ಮತ್ತು ಗಾತ್ರ ಅಳೆದೇ ಒಳಗಿನದನ್ನು ಜರಡಿ ಹಿಡಿಯುವುದು. ಅಂತರಿಕ್ಷ ನಿಲ್ದಾಣದ ಮೇಲಿರುವ ನೈಸರ್ ಎಕ್ಸ್‌ರೇ ದೂರದರ್ಶಕ ಗಾತ್ರ ಅಳೆದಿದೆ. ಸೂರ್ಯನ ಸುಮಾರು 2.1 ಪಟ್ಟು ತೂಗುವ ಒಂದು ಪಲ್ಸಾರಿನ ಅಡ್ಡಳತೆ ಬರೀ 25 ಕಿ.ಮೀ. ಆಸುಪಾಸು! ನಡುಭಾಗ ತೀರಾ ಮೆತ್ತಗಿದ್ದರೆ ಅದು ಇಷ್ಟು ದಪ್ಪ ಇರುತ್ತಲೇ ಇರಲಿಲ್ಲ.

ಇಂಥದ್ದೊಂದರ ಮನೆ ನೋಡಬೇಕಾದರೆ ಜನವರಿ ಮೊದಲ ವಾರ, ಚಂದ್ರ ಇಲ್ಲದ ರಾತ್ರಿ ಚಿಕ್ಕಬಳ್ಳಾಪುರಕ್ಕೆ ಬನ್ನಿ. ಸಿಡಿದ ನಕ್ಷತ್ರದ ಅವಶೇಷವಾದ ಏಡಿ ನೆಬ್ಯುಲಾ ರಾತ್ರಿ 11 ಗಂಟೆಗೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಹಾಗಾಗಿ ಚಿಕ್ಕಬಳ್ಳಾಪುರದಿಂದ ದಕ್ಷಿಣಕ್ಕೆ ಕಾಣುವ ಬೆಂಗಳೂರಿನ ಬೆಳಕು ಅಷ್ಟಾಗಿ ಕಾಡುವುದಿಲ್ಲ. ರೋಹಿಣಿ ನಕ್ಷತ್ರದಿಂದ ವೃಷಭ ರಾಶಿಯ ಕೆಳಗಿನ ಕೊಂಬಿನ ತುದಿಗೆ ಹೋಗಿ. ಆ ನಕ್ಷತ್ರದ ಪಕ್ಕದಲ್ಲೇ, ಒಂದು ಡಿಗ್ರಿಯಷ್ಟು ವಾಯವ್ಯಕ್ಕೆ. ಆರು ಇಂಚಿನ ಡಾಬ್ಸೋನಿಯನ್ ದೂರದರ್ಶಕಕ್ಕೆ ಕಡಿಮೆ ಪವರಿನ ಐಪೀಸ್ ಹಾಕಿ. ಸಿಗುವುದು ಮಬ್ಬು ಕಲೆ ಅಷ್ಟೇ, ಫೋಟೋದ ಬಣ್ಣ ಹುಡುಕಬೇಡಿ. ನಡುವೆ ಸೆಕೆಂಡಿಗೆ ಸುಮಾರು 30 ಸಲ ಸುತ್ತುವ ಪಲ್ಸಾರ್ ನಮ್ಮ ದೂರದರ್ಶಕಕ್ಕೆ ಎಟುಕುವುದಿಲ್ಲ. ಪಲ್ಸಾರ್‌ಗಳ ರೇಡಿಯೊ ಮಿಡಿತವನ್ನು ನಮ್ಮ ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಹಿಡಿದಿದ್ದಾರೆ.