ತುರ್ತು ವಿಭಾಗದಲ್ಲಿ ಹಠಾತ್ ಸಾವಾದಾಗ ಸಿಬ್ಬಂದಿ ಮನೆಯವರಿಗೆ ಹೇಗೆ ನೆರವಾಗಬಹುದು?

ಮಾತು ನೇರವಾಗಿರಲಿ, ಅದೇ ಮುಖ್ಯ. ಕೊಡಗಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ, ಮಗ ತೀರಿಕೊಂಡಿದ್ದರೂ ಒಬ್ಬ ತಾಯಿಗೆ ನಾನೂ ‘ಸ್ವಲ್ಪ ಸೀರಿಯಸ್’ ಎಂದು ಹೇಳಿ ಜಾರಿಕೊಂಡಿದ್ದೆ. ಆ ತಾಯಿ ಮಗನಿಗೆಂದು ತಂದ ಬಿಸಿನೀರಿನ ಫ್ಲಾಸ್ಕ್ ಹಿಡಿದು ಅರ್ಧ ಗಂಟೆ ಕಾದರು. ಬೇರೆ ಕೋಣೆಗೆ ಕರೆದು, ಕೂರಿಸಿ, ಹೆಸರು ಹಿಡಿದು ‘ತೀರಿಕೊಂಡರು’ ಎಂದೇ ಹೇಳಿ. ಆಮೇಲೆ ಸುಮ್ಮನಿರಿ. ಫೋನಿನಲ್ಲಾದರೆ ಮೊದಲು ‘ಗಾಡಿ ಓಡಿಸ್ತಿದ್ದೀರಾ?’ ಅಂತ ಕೇಳಿ. ಮಳೆಗಾಲದ ಘಾಟಿ ತಿರುವಿನಲ್ಲಿ ಕೇಳುವ ಸುದ್ದಿಯಲ್ಲ ಇದು.

ಮುಖ ನೋಡಲು, ಕೈ ಹಿಡಿಯಲು ಬಿಡಿ. ಪೊಲೀಸ್ ಕೇಸಾದರೆ ಟ್ಯೂಬು ತೆಗೆಯುವುದು, ಗಾಯ ತೊಳೆಯುವುದು ಬೇಡ. ಹೊದಿಸಿ, ಏನು ಕಾಣಿಸುತ್ತದೆಂದು ಒಳಗೆ ಬಿಡುವ ಮುಂಚೆಯೇ ತಿಳಿಸಿ.

ಅಪಘಾತ, ಆನೆ ದಾಳಿಯಲ್ಲಿ ‘ಪೋಸ್ಟ್‌ಮಾರ್ಟಂ ಬೇಡ’ ಎಂದು ಗೋಗರೆಯುತ್ತಾರೆ. ಗದರಬೇಡಿ. ಮೊದಲು ಪೊಲೀಸ್ ಮಹಜರು, ನಂತರ ಪರೀಕ್ಷೆ, ಆಮೇಲೆ ದೇಹ ಕೈಗೆ. ಪರಿಹಾರಕ್ಕೂ ಆ ವರದಿ ಬೇಕಾಗುತ್ತದೆ ಎಂದು ಬಿಡಿಸಿ ಹೇಳಿ. ತೋಟದ ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ಅಸ್ಸಾಂ ಕಾರ್ಮಿಕರಾದರೆ ಅವರ ಭಾಷೆ ಬಲ್ಲವರನ್ನು ಕರೆಸಿ. ಕನ್ನಡ ಬರುತ್ತದೆಂದು ಶಾಲೆಗೆ ಹೋಗುವ ಮಗುವಿನ ಬಾಯಲ್ಲಿ ಹೇಳಿಸಲೇಬೇಡಿ.

ನೇತ್ರದಾನದ ಮಾತನ್ನು ಮೆಲ್ಲಗೆ ಎತ್ತಬಹುದು, ಸಾವಿನ ನಂತರ ಅದಕ್ಕಿರುವ ಸಮಯ ಸುಮಾರು 6 ತಾಸು ಅಷ್ಟೇ. ಹೊರಡುವಾಗ ವಾಚು, ಸರ ಎಣಿಸಿ ಕೊಟ್ಟು, ಒಂದು ಫೋನ್ ನಂಬರ್ ಚೀಟಿಯಲ್ಲಿ ಬರೆದುಕೊಡಿ. ಪ್ರಶ್ನೆಗಳು ಹುಟ್ಟುವುದು ಮೂರು ದಿನ ಕಳೆದ ಮೇಲೆ.